ಮೂಳೆಯ ನಟ್‌ನಲ್ಲಿ ಅರ ಕಚ್ಚಿಕೊಳ್ಳದಂತೆ: ಗಿಟಾರ್ ಕೆಲಸದ ಪ್ರಗತಿ

ಹಳೆಯ ಅಕೌಸ್ಟಿಕ್ ಗಿಟಾರಿನ ಪ್ಲಾಸ್ಟಿಕ್ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳನ್ನು ಎತ್ತಿಹಿಡಿಯುವ ಪಟ್ಟಿ) ತೆಗೆದು ಮೂಳೆಯದನ್ನು ಕೂರಿಸುವ ಕೆಲಸದಲ್ಲಿ ಈ ವಾರ ತಂತಿಗಳು ಕೂರುವ ಆರೂ ಸ್ಲಾಟ್‌ಗಳು, ಎಂದರೆ ಸೀಳುಗಳು, ಒರಟು ಹಂತವನ್ನು ದಾಟಿವೆ. ತಳವನ್ನು ಸಮ ಮಾಡುವುದು, ಉದ್ದವನ್ನು ಕುತ್ತಿಗೆಯ ಅಗಲಕ್ಕೆ ಹೊಂದಿಸುವುದು, ತಂತಿಗಳ ಅಂತರವನ್ನು ಗುರುತಿಸುವುದು ಇವೆಲ್ಲ ಸಲೀಸಾಗಿ ಮುಗಿದಿರುವುದರಿಂದ ಅವುಗಳನ್ನು ವಿವರಿಸುವುದಿಲ್ಲ. ಇಲ್ಲಿ ದಾಖಲಿಸಬೇಕಾದದ್ದು ಒಂದೇ: ಸ್ಲಾಟ್ ಆಳವಾಗುತ್ತಿದ್ದಂತೆ ಅರ ಅದರೊಳಗೆ ಕಚ್ಚಿಕೊಳ್ಳುವುದೇಕೆ, ಅದನ್ನು ತಡೆಯುವುದು ಹೇಗೆ.

ನಾನು ಬಳಸುತ್ತಿರುವುದು ತಂತಿಯ ದಪ್ಪಕ್ಕೆ ತಕ್ಕಂತೆ ಮಾಡಿದ ಅರಗಳನ್ನು. ಇವುಗಳಿಗೆ ಹಲ್ಲಿರುವುದು ದುಂಡಗಿನ ಅಂಚಿನಲ್ಲಿ ಮಾತ್ರ; ಎರಡೂ ಪಕ್ಕಗಳು ನುಣುಪು. ಸ್ಲಾಟ್ ಇನ್ನೂ ಬರಿಯ ಗೀರಾಗಿರುವಾಗ ಮೂಳೆಗೆ ತಾಗುವುದು ಆ ಅಂಚೊಂದೇ ಆದ್ದರಿಂದ ಅರ ನಿರಾಯಾಸವಾಗಿ ಓಡುತ್ತದೆ. ಆಳ ಹೆಚ್ಚಿದಂತೆ ನುಣುಪಾದ ಪಕ್ಕಗಳೂ ಗೋಡೆಗಳ ನಡುವೆ ಸೇರಿಕೊಳ್ಳುತ್ತವೆ, ಮತ್ತು ಅಲ್ಲಿಂದ ಮುಂದೆ ಕೈ ಕೂದಲೆಳೆಯಷ್ಟು ವಾಲಿದರೂ ಅರ ಎರಡು ಗೋಡೆಗಳಿಗೆ ಓರೆಯಾಗಿ ಆನಿಕೊಂಡು ನಿಂತುಬಿಡುತ್ತದೆ. ಹೊರಹೋಗಲು ದಾರಿಯಿಲ್ಲದ ಮೂಳೆಪುಡಿ ಪಕ್ಕಗಳಲ್ಲಿ ಬೆಣೆಯಂತೆ ಸೇರಿ ಹಿಡಿತವನ್ನು ಇನ್ನೂ ಬಿಗಿಗೊಳಿಸುತ್ತದೆ. ಆಗ ಅರ ಮೊಂಡಾಯಿತೆಂದು ಭಾವಿಸಿ ಒತ್ತಡ ಹೆಚ್ಚಿಸಿದರೆ, 0.012 ಇಂಚಿನ, ಎಂದರೆ ಸುಮಾರು 0.30 ಮಿ.ಮೀ. ದಪ್ಪದ ತೆಳುವಾದ ಅರ ಬಾಗುತ್ತದೆ; ಬಾಗಿದ ಅರ ಗೋಡೆಗಳನ್ನು ಇನ್ನಷ್ಟು ಒತ್ತುತ್ತದೆ. ಹಲ್ಲಿನ ಹರಿತಕ್ಕೂ ಈ ತೊಂದರೆಗೂ ಹೆಚ್ಚು ಸಂಬಂಧವಿಲ್ಲ, ಎಲ್ಲವೂ ಗೋಡೆಯ ಎತ್ತರದ ಮಾತು.

ಆದಕಾರಣ ಮೊದಲು ತಗ್ಗಿಸಬೇಕಾದದ್ದು ನಟ್‌ನ ತಲೆಯನ್ನು. ಉದ್ದುದ್ದ ಸೀಳಿದ ಅರ್ಧ ಪೆನ್ಸಿಲನ್ನು ಫ್ರೆಟ್‌ಗಳ (ಕುತ್ತಿಗೆಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ) ಮೇಲೆ ಮಲಗಿಸಿ ನಟ್‌ನ ಮುಖದ ಮೇಲೆ ಗೆರೆ ಎಳೆದರೆ, ಸ್ಲಾಟ್‌ನ ತಳ ಕೊನೆಗೆ ಎಲ್ಲಿಗೆ ಬರಬೇಕೆಂಬ ಅಂದಾಜು ಸಿಗುತ್ತದೆ. ಲೋಹದೆಳೆ ಸುತ್ತಿದ ದಪ್ಪ ತಂತಿಗಳು ಅರ್ಧದಷ್ಟು, ಸುತ್ತಿಲ್ಲದ ಬರಿ ತಂತಿಗಳು ಹೆಚ್ಚುಕಡಿಮೆ ಪೂರ್ತಿ ಮುಳುಗಿದರೆ ಸಾಕಾಗುವುದರಿಂದ, ಆ ಗೆರೆಗಿಂತ ಬಹಳ ಮೇಲೆ ನಿಂತಿರುವ ಮೂಳೆ ವ್ಯರ್ಥ ಗೋಡೆಯಷ್ಟೇ. ಸ್ಲಾಟ್‌ಗಳನ್ನು ಪೂರ್ತಿ ಇಳಿಸಿ ಕೊನೆಯಲ್ಲಿ ತಲೆ ಉಜ್ಜುವ ಕ್ರಮ ಹಲವರಲ್ಲಿದೆ, ನನಗದು ಹಿಡಿಸುವುದಿಲ್ಲ. ಸ್ವಲ್ಪ ಸ್ಲಾಟ್, ಸ್ವಲ್ಪ ತಲೆ, ಮತ್ತೆ ಸ್ಲಾಟ್ ಎಂದು ಸರದಿಯಲ್ಲಿ ಹೋಗುತ್ತ ಗೋಡೆಯ ಎತ್ತರ ಒಂದು ಮಿಲಿಮೀಟರ್ ದಾಟದಂತೆ ನೋಡಿಕೊಂಡಿದ್ದೇನೆ. ಅಕೌಸ್ಟಿಕ್ ನಟ್ ಸುಮಾರು 6 ಮಿ.ಮೀ. ದಪ್ಪವಿರುವುದರಿಂದ, ಫೆಂಡರ್ ಕಂಪನಿಯ ಗಿಟಾರ್ ಮಾದರಿಯ 3 ಮಿ.ಮೀ.ಗಿಂತ ತುಸು ಹೆಚ್ಚಿನ ನಟ್‌ಗೆ ಹೋಲಿಸಿದರೆ ಅರ ಉಜ್ಜಿಕೊಳ್ಳುವ ಹಾದಿಯೂ ಉದ್ದ. ತಲೆಯನ್ನು ಹೆಡ್‌ಸ್ಟಾಕ್ (ಬಿರಡೆಗಳಿರುವ ತುದಿ) ಕಡೆಗೆ ಇಳಿಜಾರಾಗಿ ಉಜ್ಜಿದ್ದರಿಂದ ಹಿಂಬದಿಯ ಗೋಡೆಗಳು ಕುಗ್ಗಿ, ಆ ತೊಡಕೂ ಸಡಿಲಗೊಂಡಿತು.

ದಪ್ಪ ತಂತಿಗಳಿಗೆ ಇನ್ನೊಂದು ಅನುಕೂಲವಿದೆ. 0.053 ಇಂಚಿನ ಆರನೆಯ ತಂತಿಯ ಸ್ಲಾಟನ್ನು ಅದಕ್ಕಿಂತ ಕಿರಿದಾದ ಅರದಿಂದ ಬಹುಪಾಲು ಇಳಿಸಿ, ಅದನ್ನೇ ಎಡಕ್ಕೂ ಬಲಕ್ಕೂ ತುಸು ಹೊರಳಿಸಿ ಅಗಲ ಮಾಡಿ, ಕೊನೆಯ ಕೆಲವು ಉಜ್ಜುಗಳಿಗೆ ಮಾತ್ರ 0.056ರ ಅರ ತೆಗೆದುಕೊಂಡರೆ ಕಚ್ಚಿಕೊಳ್ಳುವ ಪ್ರಮೇಯವೇ ಬರುವುದಿಲ್ಲ. ಮೊದಲನೆಯ ತಂತಿಗೆ ಈ ಉಪಾಯ ನಡೆಯದು, ಏಕೆಂದರೆ ಅದಕ್ಕಿಂತ ತೆಳುವಾದ ಅರ ಹಿಡಿದರೆ ಮುರಿಯುವ ಭಯವೇ ಹೆಚ್ಚು. ಅಲ್ಲಿ ತಗ್ಗಿಸಿದ ತಲೆ, ಹಗುರವಾದ ಕೈ, ಆಗಾಗ ಹಲ್ಲುಜ್ಜುವ ಬ್ರಷ್‌ನಿಂದ ಪುಡಿ ತೆಗೆಯುವುದು, ಇಷ್ಟೇ ಗತಿ. ಅರದ ಅಂಚಿಗೆ ಸೀಮೆಸುಣ್ಣ ಸವರಿದರೆ ಪುಡಿ ಹಲ್ಲುಗಳಲ್ಲಿ ಗಟ್ಟಿಯಾಗಿ ಕೂರುವುದು ಕಡಿಮೆಯಾಗುತ್ತದೆ. ಹಲ್ಲು ಕೊರೆಯುವ ದಿಕ್ಕಿಗೆ ಮಾತ್ರ ಒತ್ತಿ, ಹಿಂದೆ ತರುವಾಗ ಎತ್ತಿಬಿಡಬೇಕು. ಗರಗಸದಂತೆ ಹಿಂದೆ ಮುಂದೆ ಎಳೆದರೆ ಪುಡಿ ಮತ್ತೆ ಒಳಕ್ಕೇ ಸೇರುತ್ತದೆ. (ಮೂಳೆಪುಡಿಯ ವಾಸನೆಗೆ ಮನೆಯವರ ಆಕ್ಷೇಪವಿರುವುದರಿಂದ ಕೆಲಸವೆಲ್ಲ ಬಾಲ್ಕನಿಯಲ್ಲಿ, ಮಾಸ್ಕ್ ಧರಿಸಿಯೇ ನಡೆಯುತ್ತಿದೆ.)

ಬೆಂಗಳೂರಿನ ಎಸ್.ಪಿ. ರಸ್ತೆಗೆ ಸಂದು ಅಳೆಯುವ ಫೀಲರ್ ಗೇಜ್ ತರಲು ಹೋದಾಗ ಗ್ಯಾಸ್ ವೆಲ್ಡಿಂಗ್ ಟಿಪ್ ಕ್ಲೀನರ್ ಸೆಟ್ಟನ್ನೂ (ಟಾರ್ಚ್‌ನ ತೂತು ಶುಚಿಮಾಡುವ ಒರಟು ತಂತಿಗಳು) ಕೊಂಡೆ. ಅಗ್ಗವೆಂಬ ಕಾರಣಕ್ಕೆ ಅರದ ಬದಲಿಗೆ ಇದನ್ನೇ ಬಳಸುವವರಿದ್ದಾರೆ. ಮೂಳೆಯ ತುಂಡೊಂದರ ಮೇಲೆ ಪರೀಕ್ಷಿಸಿದಾಗ ಅದು ಕಚ್ಚಿಕೊಳ್ಳಲಿಲ್ಲ, ನಿಜ. ಆದರೆ ಮೂಲತಃ ಬಳುಕುವ ತಂತಿಯಾದ್ದರಿಂದ ನೇರವಾಗಿಯೂ ಹೋಗಲಿಲ್ಲ. ಸ್ಲಾಟ್‌ನ ತಳವನ್ನು ನುಣುಪುಗೊಳಿಸಲು ಇಟ್ಟುಕೊಂಡಿದ್ದೇನೆ, ಕೊರೆಯಲು ಅಲ್ಲ.

ಕೋನದ ವಿಷಯದಲ್ಲಿ ಮಾತ್ರ ಉದಾರವಾಗಿರಲು ಸಾಧ್ಯವಿಲ್ಲ. ಸ್ಲಾಟ್‌ನ ಅತಿ ಎತ್ತರದ ಬಿಂದು ಫ್ರೆಟ್‌ಬೋರ್ಡ್ ಕಡೆಯ ಅಂಚಿನಲ್ಲೇ ಇರಬೇಕು. ಅಲ್ಲಿಂದ ತಳ ಹೆಡ್‌ಸ್ಟಾಕ್ ಕಡೆಗೆ ಇಳಿಯಬೇಕು. ಅಂಚು ತಗ್ಗಾಗಿ ನಡುವೆ ಉಬ್ಬು ಉಳಿದರೆ ಬೆರಳೊತ್ತದೆ ಬಿಟ್ಟ ತಂತಿ ತಳವನ್ನು ಸವರುತ್ತ ಝೇಂಕರಿಸುತ್ತದೆ. ತಂಬೂರಿಯ ಕುದುರೆಯ ಮೇಲೆ ನೂಲಿಟ್ಟು ನಾವು ಬೇಕೆಂದೇ ಪಡೆಯುವ ನಾದದ ಜಾತಿಯದೇ ಇದು, ಆದರೆ ಗಿಟಾರಿನಲ್ಲಿ ಯಾರಿಗೂ ಬೇಡ. ಅರ ಕಚ್ಚಿಕೊಂಡಾಗ ಬಿಡಿಸಲು ಅದನ್ನು ತೂಗಾಡಿಸಿದರೆ ಹಾಳಾಗುವುದು ಇದೇ ಅಂಚು. ಸಿಕ್ಕಿಕೊಂಡ ಅರವನ್ನು ಬಂದ ದಾರಿಯಲ್ಲೇ ನೇರವಾಗಿ ಹಿಂದಕ್ಕೆ ಎಳೆಯುವುದು ಕ್ಷೇಮ.

ಅರವನ್ನು ಹಿಡಿಯುವ ಗೋಡೆಗಳೇ ಮುಂದೆ ತಂತಿಯನ್ನೂ ಹಿಡಿಯಬಲ್ಲವು. ಶ್ರುತಿ ಏರಿಸುವಾಗ ಟಿಣ್ ಎಂಬ ಸದ್ದಿನೊಡನೆ ಸ್ವರ ಹಾರಿದರೆ ಸ್ಲಾಟ್ ಬಿಗಿಯಾಗಿದೆ ಎಂದರ್ಥ. ನಾಲ್ಕು, ಐದು, ಆರನೆಯ ತಂತಿಗಳು ಈಗ ಸದ್ದಿಲ್ಲದೆ ಜಾರುತ್ತಿವೆ. ಮೂರನೆಯದು ಇನ್ನೂ ಹಿಡಿಯುತ್ತಿದೆ, ಅದಕ್ಕೆ ಒಂದು ಅಳತೆ ಹೆಚ್ಚಿನ ಅರ ಆಡಿಸಬೇಕು. ಆರನ್ನೂ ಬೇಕಾದ ಆಳಕ್ಕಿಂತ ತುಸು ಮೇಲೆಯೇ ನಿಲ್ಲಿಸಿದ್ದೇನೆ. ತಂತಿಗಳನ್ನು ಪೂರ್ಣ ಶ್ರುತಿಗೆ ತಂದ ಮೇಲೆ, ಎರಡು ಮತ್ತು ಮೂರನೆಯ ಫ್ರೆಟ್‌ಗಳ ನಡುವೆ ಒತ್ತಿ, ಮೊದಲ ಫ್ರೆಟ್‌ನ ಮೇಲೆ ಕಾಣುವ ಸಂದನ್ನು ನೋಡುತ್ತ ಒಂದೊಂದಾಗಿ ಇಳಿಸುವುದು ಮುಂದಿನ ಹಂತದ ಕೆಲಸ.