ಬಾಕು ಹಿಡಿದ ಕೈ, ಮಲ್ಲಿಗೆ ಹೊತ್ತ ತಲೆ

ಚೈತ್ರ ಹುಣ್ಣಿಮೆಯ ನಡುರಾತ್ರಿ ಕಳೆದು ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಕರಗ, ಅಂದರೆ ದ್ರೌಪದಮ್ಮನೆಂದು ನಂಬಿ ತಲೆಯ ಮೇಲೆ ಹೊರುವ ಹೂವಿನ ಕಲಶ, ಹೊರಬರುವಾಗ ನೆರೆದವರ ದೃಷ್ಟಿಯೆಲ್ಲ ಆ ಮಲ್ಲಿಗೆಯ ಗೋಪುರದ ಮೇಲೆ ನೆಟ್ಟಿರುತ್ತದೆ. ನಾನು ಮೊದಲು ನೋಡುವುದು ಕರಗ ಹೊತ್ತವರ ಕೈಗಳನ್ನು. ಒಂದರಲ್ಲಿ ಬಾಕು, ಇನ್ನೊಂದರಲ್ಲಿ ಮಂತ್ರದಂಡ. ತಲೆಯ ಮೇಲಿರುವುದನ್ನು ಹಿಡಿದುಕೊಳ್ಳಲು ಬಿಡುವಾದ ಕೈ ಇಲ್ಲ, ಹಿಡಿಯುವಂತೆಯೂ ಇಲ್ಲ. ಹಾಗೆಯೇ ಅವರು ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ, ಉಸಿರಾಡಲೂ ಜಾಗವಿಲ್ಲದ ಜನಸಂದಣಿಯ ನಡುವೆ, ಕುಣಿಯುತ್ತ ಓಡುತ್ತ ಬೆಳಗಾಗುವವರೆಗೆ ಸಾಗಬೇಕು.

ಕರಗ ಹೊರುವವರು ತಿಗಳ ಸಮುದಾಯದ ಪುರುಷರು. ಬೆಂಗಳೂರಿನ ಸುತ್ತ ಹೂವು, ತರಕಾರಿ ಬೆಳೆದು ಈ ಊರನ್ನು ಸಾಕಿದ ತೋಟಗಾರರ ಕುಲ ಅದು. ತಿಂಗಳುಗಟ್ಟಲೆ ವ್ರತ, ಗರಡಿಯ ಸಾಧನೆ, ಪಥ್ಯದ ಊಟ. ಹಾಗೆ ಪಳಗಿದ ಮೈಗೆ ಆ ರಾತ್ರಿ ಸೀರೆ ಉಡಿಸುತ್ತಾರೆ. ಕೈಗೆ ಬಳೆ, ಕೊರಳಿಗೆ ತಾಳಿ, ಹಣೆಗೆ ಕುಂಕುಮ. ಇದು ವೇಷವಲ್ಲ. ವೇಷವಾಗಿದ್ದರೆ ಒಳಗಿನ ಗಂಡಸು ಬೇರೆಯಾಗಿ ಉಳಿಯುತ್ತಿದ್ದ. ಇಲ್ಲಿ ಗರಡಿಯ ಬಲವೂ ಬೇಕು, ಬಳೆಯ ಕೈಯೂ ಬೇಕು. ಬಲವಿಲ್ಲದೆ ಇಡೀ ರಾತ್ರಿ ಆ ಭಾರ ನಿಲ್ಲದು. ಹೆಣ್ಣಾಗದೆ ಆ ಭಾರ ದ್ರೌಪದಮ್ಮನಾಗದು.

ದ್ರೌಪದಿಯ ಕಥೆಯನ್ನು ಮಹಾಭಾರತ ಬಿಟ್ಟಲ್ಲಿಂದ ಈ ಪೇಟೆಯ ಜನ ಮುಂದುವರಿಸಿದ್ದಾರೆ. ಮಹಾಪ್ರಸ್ಥಾನದಲ್ಲಿ ಐವರು ಗಂಡಂದಿರ ಹಿಂದೆ ನಡೆದುಹೋಗುತ್ತಿದ್ದವಳು ಎಲ್ಲರಿಗಿಂತ ಮೊದಲು ಕುಸಿದು ಬೀಳುತ್ತಾಳೆ. ವ್ಯಾಸರ ಕಥೆಯಲ್ಲಿ ಅಲ್ಲಿಗೆ ಅವಳ ದಾರಿ ಮುಗಿಯಿತು. ಕರಗದ ಕಥೆಯಲ್ಲಿ ಅವಳು ಕಣ್ಣು ತೆರೆಯುತ್ತಾಳೆ. ಎದುರಿಗೆ ತಿಮಿರಾಸುರ. ದಣಿದು ಬಿದ್ದಿದ್ದವಳೇ ಆದಿಶಕ್ತಿಯಾಗಿ ಎದ್ದು ವೀರಕುಮಾರರನ್ನು ಸೃಷ್ಟಿಸಿ ಅವನನ್ನು ಸಂಹರಿಸುತ್ತಾಳೆ. ಆಮೇಲೆ ಹೊರಟು ನಿಂತ ತಾಯಿಯನ್ನು ಆ ಮಕ್ಕಳು ಬಿಡಲೊಲ್ಲರು. ವರ್ಷಕ್ಕೊಮ್ಮೆ ಮೂರು ದಿನ ನಿಮ್ಮಲ್ಲಿಗೆ ಬರುತ್ತೇನೆ ಎಂದು ಮಾತು ಕೊಟ್ಟು ಅವಳು ಹೋದಳಂತೆ. ಆ ಮಾತು ಇಂದಿಗೂ ನಡೆಯುತ್ತಿದೆ.

ವೀರಕುಮಾರರನ್ನು ನೋಡಿದರೆ ಮೊದಲು ಭಯವಾಗುತ್ತದೆ. ಬರಿಮೈ, ಬಿಳಿ ಕಚ್ಚೆ, ತಲೆಗೆ ಪೇಟ, ಕೈಯಲ್ಲಿ ಬಿಚ್ಚುಗತ್ತಿ. ಅಲಗು ಸೇವೆಯಲ್ಲಿ ‘ಧಿಕ್ ಧೀ’ ಎನ್ನುತ್ತ ಕತ್ತಿಯ ಅಲಗನ್ನು ತಮ್ಮ ಎದೆಗೇ ತಾಗಿಸಿಕೊಳ್ಳುತ್ತಾರೆ. ಕರಗ ಎಡವಿದರೆ ಹೊತ್ತವರನ್ನು ಅದೇ ಕತ್ತಿ ಉಳಿಸದು ಎಂಬ ಮಾತೂ ಪರಂಪರೆಯಲ್ಲಿದೆ. ಆದರೂ ಇಷ್ಟೊಂದು ಕತ್ತಿಗಳು ಸುತ್ತುವರಿದಿರುವುದು ಮಲ್ಲಿಗೆಯನ್ನು ಕಾಯುವುದಕ್ಕೆ. ಕತ್ತಿ ಬೇಡ, ಮಲ್ಲಿಗೆ ಮಾತ್ರ ಇರಲಿ ಎಂದರೆ ಕರಗ ದೇವಸ್ಥಾನದ ಅಂಗಳ ದಾಟುವುದಿಲ್ಲ. ಮಲ್ಲಿಗೆ ಇಲ್ಲದೆ ಕತ್ತಿಗಳಷ್ಟೇ ಹೊರಟರೆ ಜನ ಬಾಗಿಲು ಮುಚ್ಚಿಕೊಳ್ಳುತ್ತಾರೆ.

ನಮ್ಮಲ್ಲಿ ಶಾಂತಿ ಎಂದರೆ ಸಿಟ್ಟು ಸತ್ತುಹೋಗುವುದು ಎಂಬ ನಂಬಿಕೆ ಬಲವಾಗಿದೆ. ಕೋಪ ನುಂಗಿ ನುಂಗಿ ಬದುಕಿದ ಹಿರಿಯರನ್ನು ನಮ್ಮ ಮನೆಗಳು ಕಂಡಿವೆ, ಅದರಲ್ಲೂ ಹೆಣ್ಣುಮಕ್ಕಳನ್ನು. ಅವರನ್ನು ಸಾಧ್ವಿ ಎಂದು ಹೊಗಳಿದೆವು. ರಾತ್ರಿ ಅವರಿಗೆ ನಿದ್ದೆ ಬರುತ್ತಿತ್ತೇ ಎಂದು ಕೇಳಲಿಲ್ಲ. ಇನ್ನೊಂದು ತುದಿಯಲ್ಲಿ, ಗಟ್ಟಿಯಾಗಿ ಕೂಗದಿದ್ದರೆ ಈ ನಗರದಲ್ಲಿ ಬದುಕಲಾಗದು ಎಂದು ಸಿಗ್ನಲ್‌ನಲ್ಲಿ, ಕಚೇರಿಯಲ್ಲಿ, ಕೊನೆಗೆ ಅಡುಗೆಮನೆಯಲ್ಲಿಯೂ ಕತ್ತಿ ಬೀಸುವವರಿದ್ದಾರೆ. ನನ್ನೊಳಗೆ ಇಬ್ಬರೂ ಇದ್ದಾರೆ. ಬೆಳಗ್ಗೆ ಒಬ್ಬರ ಮೇಲೆ ಉರಿದುಬಿದ್ದ ಮನಸ್ಸೇ ಸಂಜೆ ಅವರಿಗಾಗಿ ಕರಗಿ ನೀರಾಗುತ್ತದೆ. ಇವರಲ್ಲಿ ನಿಜವಾದ ನಾನು ಯಾರು ಎಂದು ಕೇಳಿಕೊಂಡಾಗೆಲ್ಲ ನನಗೆ ಉತ್ತರ ಸಿಕ್ಕಿದ್ದು ದ್ರೌಪದಿಯಿಂದಲೇ.

ವನಪರ್ವದಲ್ಲಿ ಅವಳು ಧರ್ಮರಾಯನೊಂದಿಗೆ ವಾದಕ್ಕಿಳಿಯುವ ಒಂದು ಭಾಗವಿದೆ. ಇಷ್ಟೆಲ್ಲ ಆದ ಮೇಲೂ ನಿನಗೆ ಕೋಪ ಏಕೆ ಬರುವುದಿಲ್ಲ ಎಂಬುದು ಅವಳ ಪ್ರಶ್ನೆ. ಕ್ಷಮೆಯನ್ನು ಅವಳು ಹೀಗಳೆಯುವುದಿಲ್ಲ. ಮೊಮ್ಮಗ ಬಲಿ ಚಕ್ರವರ್ತಿಗೆ ಪ್ರಹ್ಲಾದ ಹೇಳಿದ ಮಾತನ್ನು ನೆನಪಿಸುತ್ತಾಳೆ: ‘ನ ಶ್ರೇಯಃ ಸತತಂ ತೇಜೋ ನ ನಿತ್ಯಂ ಶ್ರೇಯಸೀ ಕ್ಷಮಾ.’ ಯಾವಾಗಲೂ ಉರಿಯುವುದೂ ಒಳ್ಳೆಯದಲ್ಲ, ಯಾವಾಗಲೂ ಕ್ಷಮಿಸುವುದೂ ಒಳ್ಳೆಯದಲ್ಲ. ಸದಾ ಕ್ಷಮಿಸುವವನನ್ನು ಅವನ ಆಳುಗಳೇ ಲೆಕ್ಕಕ್ಕಿಡುವುದಿಲ್ಲ. ಸದಾ ಸಿಡುಕುವವನನ್ನು ಕಂಡರೆ ಮನೆಯೊಳಗೆ ಹೊಕ್ಕ ಹಾವನ್ನು ಕಂಡಂತೆ ಜನ ಬೆದರುತ್ತಾರೆ. ಹಾಗಾದರೆ ಯಾವುದು ಯಾವಾಗ? ಅದಕ್ಕೂ ಪ್ರಹ್ಲಾದನಲ್ಲಿ ಉತ್ತರವಿದೆ. ಹಿಂದೆ ಉಪಕಾರ ಮಾಡಿದವನು ತಪ್ಪು ಮಾಡಿದರೆ ಆ ಉಪಕಾರವನ್ನು ನೆನೆದು ಕ್ಷಮಿಸು. ತಿಳಿಯದೆ ಮಾಡಿದವನನ್ನು ಕ್ಷಮಿಸು. ಮೊದಲ ಅಪರಾಧವನ್ನು ಯಾರದ್ದಾದರೂ ಕ್ಷಮಿಸು. ಎರಡನೆಯದು ಸಣ್ಣದಾದರೂ ದಂಡಿಸು. ಬೇಕೆಂದೇ ಮಾಡಿ ತಿಳಿಯದೆ ಮಾಡಿದೆ ಎನ್ನುವವನನ್ನು ಬಿಡಬೇಡ. ಎಷ್ಟು ಸ್ಪಷ್ಟವಾದ ಮಾತು! ಮಾತಾಡುವ ಮೊದಲು ‘ಇವರು ನನಗೆ ಹಿಂದೆ ಏನು ಮಾಡಿದ್ದರು?’ ಎಂದು ಒಂದು ಕ್ಷಣ ನೆನೆಯುವ ಅಭ್ಯಾಸವನ್ನು ನಾನು ಇಲ್ಲಿಂದಲೇ ಪಡೆದೆ. ಸಿಟ್ಟು ಹೋಗುವುದಿಲ್ಲ. ಅದಕ್ಕೊಂದು ಅಳತೆ ಬರುತ್ತದೆ.

ಈ ಮಾತು ಅವಳ ಬಾಯಲ್ಲಿ ಬರಿಯ ನೀತಿಯಾಗಿ ಉಳಿಯಲಿಲ್ಲ. ಯುದ್ಧ ಮುಗಿದ ರಾತ್ರಿ ಅಶ್ವತ್ಥಾಮ ಅವಳ ಐವರು ಮಕ್ಕಳನ್ನು ಮಲಗಿದ್ದಲ್ಲಿಯೇ ಕೊಲ್ಲುತ್ತಾನೆ. ಸೌಪ್ತಿಕ ಪರ್ವದ ದ್ರೌಪದಿ ಅವನ ಪ್ರಾಣವನ್ನೇ ಕೇಳುತ್ತಾಳೆ, ಅಲ್ಲಿಯವರೆಗೆ ಅನ್ನ ಮುಟ್ಟೆನೆಂದು ಪ್ರಾಯೋಪವೇಶಕ್ಕೆ ಕೂರುತ್ತಾಳೆ. ಭಾಗವತದ ದ್ರೌಪದಿಯ ಮುಂದೆ ಅದೇ ಅಶ್ವತ್ಥಾಮನನ್ನು ಅರ್ಜುನ ಕಟ್ಟಿ ತಂದು ನಿಲ್ಲಿಸಿದಾಗ ಅವಳು ‘ಬಿಡಿ, ಇವನನ್ನು ಬಿಡಿ’ ಎನ್ನುತ್ತಾಳೆ. ಮಕ್ಕಳನ್ನು ಕಳೆದುಕೊಂಡು ನಾನು ಅಳುತ್ತಿರುವಂತೆ ಇವನ ತಾಯಿ ಗೌತಮಿ ಅಳದಿರಲಿ. ಈ ಸಾಲನ್ನು ಓದುವಾಗಲೆಲ್ಲ ನನ್ನ ಕಣ್ಣು ಮಂಜಾಗುತ್ತದೆ. ಪಂಡಿತರು ಇವುಗಳನ್ನು ಎರಡು ಪಾಠಗಳೆಂದು ಬೇರ್ಪಡಿಸಲಿ. ನನಗೆ ಇವಳು ಒಬ್ಬಳೇ. ಯಜ್ಞಕುಂಡದ ಬೆಂಕಿಯಲ್ಲಿ ಹುಟ್ಟಿದವಳು, ಪರರ ತಾಯಿಯ ಕಣ್ಣೀರಿಗೆ ಕರಗಿದವಳು. ಬೆಂಕಿ ಆರಿ ಕರುಣೆಯಾದದ್ದಲ್ಲ, ಬೆಂಕಿ ಇದ್ದಂತೆಯೇ ಕರುಣೆ ಬಂದದ್ದು.

ಧರ್ಮರಾಯನ ಹೆಸರಿನ ಗುಡಿಯಲ್ಲಿ ಅವನೊಂದಿಗೆ ವಾದ ಮಾಡಿದವಳಿಗೆ ಉತ್ಸವ ನಡೆಯುತ್ತದೆ ಎಂಬುದೂ ನನಗೆ ದೊಡ್ಡ ಸಮಾಧಾನ. ಅವನ ತಾಳ್ಮೆ, ಭೀಮನ ರೋಷ, ಇವಳ ಉರಿ ಎಲ್ಲಕ್ಕೂ ಒಂದೇ ಮಂಗಳಾರತಿ. ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗುತ್ತದೆ. ಅದರ ಬಗ್ಗೆ ಆಗಾಗ ಏಳುವ ಗಲಾಟೆ ಕೇಳಿದಾಗ ಬೇಸರವಾಗುತ್ತದೆ. ತಲೆಮಾರುಗಳಿಂದ ಅಮ್ಮ ಹೋಗಿ ಬರುವ ಮನೆಯ ವಿಷಯದಲ್ಲಿ ನಾವು ತೀರ್ಪು ಕೊಡಬೇಕಾಗಿಲ್ಲ.

ಸಿಟ್ಟನ್ನು ತೆಗೆದುಹಾಕು ಎಂದು ನಾನು ದ್ರೌಪದಮ್ಮನಲ್ಲಿ ಬೇಡುವುದಿಲ್ಲ. ಕರಗ ಹೊತ್ತವರು ಹೆಜ್ಜೆ ಹಾಕುವುದನ್ನು ಗಮನಿಸಿ ನೋಡಿದವರಿಗೆ ಗೊತ್ತು, ಕಾಲು ಕುಣಿಯುತ್ತದೆ, ಮೈ ಬಳುಕುತ್ತದೆ, ಕೈಯಲ್ಲಿ ಬಾಕು ಮಿಂಚುತ್ತದೆ. ಕತ್ತು ಮಾತ್ರ ಅಲುಗುವುದಿಲ್ಲ. ಆ ಕತ್ತನ್ನು ಕೊಡು ಎಂದು ಬೇಡುತ್ತೇನೆ.

ಈ ವರ್ಷ ಹೋಗುವವರು ಹೂವಿನ ಕರಗದ ರಾತ್ರಿಗಷ್ಟೇ ಕಾಯಬೇಡಿ. ಅದಕ್ಕಿಂತ ಮುಂಚೆ ಬರುವ ಹಸಿ ಕರಗಕ್ಕೂ ಬನ್ನಿ. ಸಂಪಂಗಿ ಕೆರೆಯ ದೊಡ್ಡ ಭಾಗ ಕಂಠೀರವ ಕ್ರೀಡಾಂಗಣವಾಗಿದ್ದರೂ ಉಳಿದಿರುವ ಚಿಕ್ಕ ಕುಂಟೆಯ ಬಳಿ ಆ ಪೂಜೆ ಇನ್ನೂ ನಡೆಯುತ್ತದೆ. ಹೂವಿನ ಕರಗದಂದು ಮಕ್ಕಳನ್ನು ಕರೆತರುವುದಾದರೆ ಮಧ್ಯಾಹ್ನವೇ ಚೆನ್ನಾಗಿ ಮಲಗಿಸಿ, ಸಂಜೆಗೇ ಮಾರುಕಟ್ಟೆಯಲ್ಲಿ ಬಿಡಿ ಮಲ್ಲಿಗೆ ಕೊಂಡಿಟ್ಟುಕೊಳ್ಳಿ. ವೀರಕುಮಾರರ ‘ಗೋವಿಂದ, ಗೋವಿಂದ’ ಕೂಗು ಹತ್ತಿರವಾಗುತ್ತಿದ್ದಂತೆ ಬೀದಿಯ ಅಂಚಿಗೆ ಸರಿದು ದಾರಿ ಬಿಡಿ. ಅವರು ನಿಲ್ಲುವುದಿಲ್ಲ, ಹೂವು ಎರಚಲು ಸಿಗುವುದು ಕೆಲವೇ ಕ್ಷಣ.