ಎಲೆದಂಟಿನ ಫೋಟೊ ಕಳಿಸು ಮಾರಾಯ್ತಿ

ಅಕ್ಕನ ಮಗಳು ಅಮೆರಿಕದ ಇಲಿನಾಯ್‌ನಲ್ಲಿದ್ದಾಳೆ. ಒಂದು ಕಾಲಕ್ಕೆ ಆ ರಾಜ್ಯದ ಅರ್ಧಕ್ಕಿಂತ ಜಾಸ್ತಿ ನೆಲ ಪ್ರೇರಿ ಹುಲ್ಲುಗಾವಲೇ. ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳ, ಸೋಯಾ. ಅವಳ ಮನೆ ಹತ್ತಿರ ಹಳೇ ಹುಲ್ಲು, ಹೂಗಳನ್ನೇ ಮತ್ತೆ ಬಿತ್ತಿ ಬೆಳೆಸಿದ ಒಂದು ತುಂಡು ಜಾಗ ಇದೆಯಂತೆ. ಆಗಸ್ಟಿನಲ್ಲಿ ಅಲ್ಲಿಂದ ಒಂದು ಹಳದಿ ಹೂವಿನ ಫೋಟೊ ವಾಟ್ಸಾಪಿಗೆ ಬಂತು. ಗಿಡ ಗುರುತಿಸುವ ಆ್ಯಪ್ ಎರಡು ಹೆಸರು ಹೇಳಿ ಸುಮ್ಮನಾಗಿತ್ತು.

ಅಮ್ಮ ಕನ್ನಡಕ ಏರಿಸಿ ನೋಡಿ, "ಇದು ಚಗಟೆ ಅಲ್ವಾ?" ಅಂದಳು.

ಪೂರ್ತಿ ತಪ್ಪೇನಲ್ಲ. ಮಳೆ ಹಿಡಿದ ಮೇಲೆ ಶಿರಸಿ-ಕುಮಟಾ ರಸ್ತೆಯ ಬದಿಯಲ್ಲಿ ಏಳುವ ಚಗಟೆ, ಕರಾವಳಿಯ ಕೊಂಕಣಿ ಮನೆಗಳ ತಾಯ್ಕಿಳೊ, ಈ ಹೂವಿನ ನೆಂಟನೇ. ಎರಡೂ ಬಟಾಣಿ ಕುಟುಂಬದವು. ಆದರೆ ಅವರೆ ಹೂವಿನ ಹಾಗೆ ಮುಚ್ಚಿಕೊಂಡಿರುವುದಿಲ್ಲ, ಐದು ದಳ ಬಿಚ್ಚಿ ನಿಲ್ಲುತ್ತವೆ. 1803ರಲ್ಲಿ ಫ್ರಾನ್ಸಿನ ಸಸ್ಯವಿಜ್ಞಾನಿ ಮಿಶೋ ಅವರ ಪುಸ್ತಕ ಇದನ್ನು ಕ್ಯಾಸಿಯಾ ಎಂಬ ಗಿಡಗಳ ಗುಂಪಿಗೇ ಸೇರಿಸಿತ್ತು. ಚಗಟೆಯೂ ಆಗ ಕ್ಯಾಸಿಯಾವೇ. ಬೇರೆ ಮಾಡಿದ್ದು ಆಮೇಲೆ.

ಹಳದಿ ದಳ ನೋಡಿ ಈ ಗುಂಪಿನಲ್ಲಿ ಏನೂ ತೀರ್ಮಾನ ಆಗುವುದಿಲ್ಲ. "ಎಲೆದಂಟಿನ ಫೋಟೊ ಕಳಿಸು ಮಾರಾಯ್ತಿ" ಅಂದೆ. ಕಳಿಸಿದಳು. ಚಗಟೆಯ ಎಲೆಯಲ್ಲಿ ಮೂರೇ ಜೋಡಿ ಅಗಲ ಚಿಕ್ಕೆಲೆ. ಇದರಲ್ಲಿ ಹತ್ತಕ್ಕೂ ಹೆಚ್ಚು ಜೋಡಿ, ಸಪೂರ, ಥೇಟ್ ನಾಚಿಕೆ ಮುಳ್ಳಿನ ಎಲೆ. ಮುಟ್ಟಿದರೆ ಮಡಚಿಕೊಳ್ಳುತ್ತದೆ ಕೂಡ, ಆದರೆ ಅಷ್ಟು ಗಡಿಬಿಡಿ ಇಲ್ಲ. ಮೊದಲ ಜೋಡಿಗಿಂತ ಕೆಳಗೆ, ದಂಟಿನ ಮೇಲೆ, ಸಾಸಿವೆ ಗಾತ್ರದ ಒಂದು ತಟ್ಟೆ. ಮಕರಂದ ಒಸರುವ ಗ್ರಂಥಿ ಅದು. ಫೋಟೊದಲ್ಲಿ ಒಂದು ಇರುವೆ ಅದಕ್ಕೇ ಬಾಯಿ ಹಾಕಿತ್ತು! ಚಗಟೆಗೂ ಇಂಥ ಗ್ರಂಥಿ ಇದೆ, ಆದರೆ ಚಿಕ್ಕೆಲೆಗಳ ಜೋಡಿಯ ನಡುವೆ.

ತಮಾಷೆ ಅಂದರೆ, ಹೂವಿನೊಳಗೆ ಮಾತ್ರ ಮಕರಂದ ಇಲ್ಲ. ಬರೀ ಪರಾಗ. ಅದೂ ಕೇಸರದ ತುದಿಯ ಸಣ್ಣ ತೂತಿನಿಂದ ಉದುರಬೇಕು. ದೊಡ್ಡ ಬಂಬಲ್ ಜೇನು ಬಂದು ರೆಕ್ಕೆಯ ಸ್ನಾಯು ನಡುಗಿಸಿದರೆ ಉದುರುತ್ತದೆ. ನಮ್ಮ ಬದನೆ ಹೂವಿನದೂ ಇದೇ ಕತೆ.

ಆ್ಯಪ್ ಹೇಳಿದ್ದರಲ್ಲಿ ಒಂದು ವೈಲ್ಡ್ ಸೆನ್ಸಿಟಿವ್ ಪ್ಲಾಂಟ್. ಅದರ ಹೂವು ಒಂದು ಸೆಂಟಿಮೀಟರ್ ಆಸುಪಾಸು. ಇವಳದ್ದು ಒಂದಿಂಚು, ದಳದ ಬುಡದಲ್ಲಿ ಕೆಂಪು ಚುಕ್ಕೆ. ಹಾಗಾಗಿ ಆ್ಯಪ್ ಹೇಳಿದ ಇನ್ನೊಂದು ಹೆಸರೇ ಸರಿ, ಪಾರ್ಟ್ರಿಜ್ ಪೀ, ಶಾಸ್ತ್ರದ ಹೆಸರು ಕೆಮಿಕ್ರಿಸ್ಟಾ ಫ್ಯಾಸಿಕ್ಯುಲೇಟಾ.

ಅಮ್ಮನಿಗೆ ಇದ್ಯಾವುದೂ ಬೇಡ. "ಅದರ ಕುಡಿ ಪಲ್ಯಕ್ಕಾಗ್ತದಾ ಕೇಳು" ಅಂದಳು. ಬೇಡ ಅಂದೆ. ಇನ್ನು ಕಾಯಿಯ ಫೋಟೊ ಬರಬೇಕು. ಒಣಗುವ ಮೊದಲೇ ಹೋಗು ಎಂದಿದ್ದೇನೆ. ಚಪ್ಪಟೆ ಕಾಯಿ ಒಣಗಿತೆಂದರೆ ಸಿಡಿದು ತಿರುಚಿಕೊಳ್ಳುತ್ತದೆ, ಬೀಜ ಕೈಗೆ ಸಿಗುವುದಿಲ್ಲ.