ಸರ್ಕಾರಿ ರೈಲಿಗೇ ದಂಡ ಬಿದ್ದ ದೇಶದಿಂದ

ಲಿಥುವೇನಿಯಾಗೆ ಬಂದ ಮೇಲೆ ಊರಿನವ್ರು ಕೇಳೋದೆಲ್ಲ ಚಳಿ ಎಷ್ಟು, ಸಂಬಳ ಎಷ್ಟು, ಮುದ್ದೆಗೆ ರಾಗಿಹಿಟ್ಟು ಸಿಗುತ್ತಾ ಅಂತ. ಅದೆಲ್ಲ ಇನ್ನೊಂದ್ಸಲ. ಇವತ್ತು ಹಳಿ ಕಿತ್ತ ಕಥೆ ಹೇಳ್ತೀನಿ, ಯಾಕಂದ್ರೆ ಚಿಂತಾಮಣಿ, ಶ್ರೀನಿವಾಸಪುರ ಕಡೆಯವರಿಗೆ ರೈಲು ನಿಂತ್ಹೋದ ಊರು ಹೆಂಗಿರುತ್ತೆ ಅಂತ ನಾನು ಹೇಳ್ಕೊಡ್ಬೇಕಾಗಿಲ್ಲ, ಹಳೇ ನ್ಯಾರೋ ಗೇಜ್ ನಿಂತು ಬ್ರಾಡ್ ಗೇಜ್ ಆಗಿ ಕೋಲಾರ-ಚಿಕ್ಕಬಳ್ಳಾಪುರ ರೈಲು ಮತ್ತೆ ಓಡೋಷ್ಟ್ರಲ್ಲಿ 2013 ಆಗಿತ್ತು.

ನಮ್ಮಲ್ಲಿ ಕಿತ್ತಿದ್ದು ದೊಡ್ಡ ಹಳಿ ಹಾಕೋಕೆ. ಇಲ್ಲಿ ಕಿತ್ತಿದ್ದರ ಕಥೆ ಬೇರೆ. ದೇಶದ ವಾಯುವ್ಯ ಮೂಲೇಲಿ ಮಝೆಯ್ಕೆಯ್ ಅಂತ ಊರು, ಅಲ್ಲೊಂದು ದೊಡ್ಡ ತೈಲ ಶುದ್ಧೀಕರಣ ಘಟಕ, ಮಾಲೀಕರು ಪೋಲೆಂಡಿನ ಓರ್ಲೆನ್ ಕಂಪನಿ. ಅವರ ಸರಕು ಸಾಗಿಸ್ತಿದ್ದದ್ದು ಇಲ್ಲಿನ ಸರ್ಕಾರಿ ರೈಲ್ವೆ. 2008ರಲ್ಲಿ ಇಬ್ಬರಿಗೂ ದುಡ್ಡಿನ ತಕರಾರು ಬಂತು, ಓರ್ಲೆನ್‌ನವ್ರು ಸರಿ ಬಿಡಪ್ಪ ಪಕ್ಕದ ಲಾಟ್ವಿಯಾ ರೈಲ್ವೆಗೆ ಕೊಡ್ತೀವಿ ಅಂತ ಯೋಚನೆ ಮಾಡಿದ್ರು. ಗಡಿ ದಾಟಿ ರೆಂಗೆ ಅನ್ನೋ ಊರಿಗೆ ಹೋಗೋ ಹತ್ತಿರದ ಹಳಿ ಇತ್ತು, 19 ಕಿಲೋಮೀಟರ್. ಆ ಸೆಪ್ಟೆಂಬರಲ್ಲಿ ಲಿಥುವೇನಿಯಾ ರೈಲ್ವೆಯವ್ರು ಹಳಿ ಸೊಟ್ಟ ಆಗಿದೆ ಅಂತ ರೈಲು ನಿಲ್ಸಿದ್ರು, ಅಕ್ಟೋಬರಲ್ಲಿ ಪೂರ್ತಿ ಕಿತ್ತೇಬಿಟ್ರು! ಲಾಟ್ವಿಯಾಗೆ ಹೋಗ್ಬೇಕಂದ್ರೆ ಇನ್ನು ಸುತ್ತಿ ಬಳಸಿ ಹೋಗ್ಬೇಕು, ಅಷ್ಟು ದೂರ ಅಂದ್ರೆ ಅವರು ಕಮ್ಮಿ ರೇಟ್ ಹೆಂಗೆ ಕೊಡ್ತಾರೆ ಹೇಳಿ. ಆಗ ಹಳಿ ನೋಡ್ಕೊಳ್ಳೋನೂ ಅದೇ ಕಂಪನಿ, ಹಳಿ ಮೇಲೆ ಗಾಡಿ ಓಡ್ಸೋನೂ ಅದೇ ಕಂಪನಿ, ಎರಡಕ್ಕೂ ಒಡೆಯ ಸರ್ಕಾರ, ರೋಗದ ಬೇರು ಅಲ್ಲೇ ಇದ್ದಿದ್ದು.

ದೂರು ಹೋಗಿದ್ದು ಬ್ರಸೆಲ್ಸ್‌ಗೆ, ಯುರೋಪ್ ಒಕ್ಕೂಟದ ಆಡಳಿತ ನಡೆಸೋ ಯುರೋಪಿಯನ್ ಕಮಿಷನ್ ಹತ್ರ. ಪೈಪೋಟಿಗೆ ಅಡ್ಡ ಹಾಕಿದ್ದಕ್ಕೆ 2017ರ ಅಕ್ಟೋಬರಲ್ಲಿ ರೈಲ್ವೆಗೆ ಸುಮಾರು 2.79 ಕೋಟಿ ಯೂರೋ ದಂಡ ಬಿತ್ತು. ಕೋರ್ಟಲ್ಲಿ 2020ರಲ್ಲಿ ಅದು 2 ಕೋಟಿ ಚಿಲ್ಲರೆಗೆ ಇಳೀತು, ಆದ್ರೆ ತಪ್ಪು ತಪ್ಪೇ ಅಂತ 2023ರ ಜನವರೀಲಿ ಯುರೋಪಿನ ಮೇಲಿನ ಕೋರ್ಟೂ ಹೇಳ್ತು. ಅದೇ 2017ರ ಜೂನಲ್ಲಿ ಅದೇ ಕಮಿಷನ್ನು ಗೂಗಲ್‌ಗೆ 242 ಕೋಟಿ ಯೂರೋ ಹಾಕಿತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಸರ್ಕಾರದವ್ರಿಗೆ ಮೆತ್ತಗೆ ಖಾಸಗಿಯವ್ರಿಗೆ ಜೋರು ಅನ್ನೋರು ಅವ್ರೆ, ಆದ್ರೆ ಅಲ್ಲಿ ದಂಡ ಹಾಕೋದು ವ್ಯವಹಾರದ ಗಾತ್ರ ನೋಡಿ, ವರ್ಷದ ವಹಿವಾಟಿನ ಶೇ. 10ರ ಮೇಲೆ ಹೋಗಂಗಿಲ್ಲ, ಮಾಲೀಕ ಯಾರು ಅಂತ ನೋಡಿ ಅಲ್ಲ.

ನನಗೆ ಅನ್ಸೋದು, ಸರ್ಕಾರಿ ಕಂಪನಿಗೆ ಹಾಕೋ ದಂಡದ ಮೊತ್ತ ಅಷ್ಟು ದೊಡ್ಡ ವಿಷಯಾನೇ ಅಲ್ಲ. ಗೂಗಲ್ ಕಟ್ಟಿದ್ರೆ ಷೇರುದಾರರ ಜೇಬು, ರೈಲ್ವೆ ಕಟ್ಟಿದ್ರೆ ಟಿಕೆಟ್ ತಗೊಳ್ಳೋ ನಾನು, ತೆರಿಗೆ ಕಟ್ಟೋ ನನ್ನ ಆಫೀಸಿನವ್ರು. ಇಲ್ಲಿ ನಿಜವಾಗಿ ಕೆಲಸಕ್ಕೆ ಬಂದಿದ್ದು ಕಿತ್ತ ಹಳೀನ ಮತ್ತೆ ಹಾಕಿದ್ದು, ಆಮೇಲೆ ಹಳಿಗೊಂದು ಕಂಪನಿ ಸರಕಿಗೊಂದು ಕಂಪನಿ ಪ್ರಯಾಣಿಕರಿಗೊಂದು ಕಂಪನಿ ಅಂತ ಬೇರೆ ಬೇರೆ ಮಾಡಿದ್ದು. (ಒಡೆಯ ಈಗ್ಲೂ ಒಬ್ಬನೇ ಅನ್ನೋದು ಬೇರೆ ಮಾತು.) ಇನ್ನೊಂದು, ತೀರ್ಪು ಕೊಟ್ಟಿದ್ದು ಹೊರಗಿನವ್ರು. ಇಲ್ಲೂ ವ್ಯಾಪಾರದಲ್ಲಿ ಪೈಪೋಟಿ ನ್ಯಾಯವಾಗಿದ್ಯಾ ಅಂತ ನೋಡ್ಕೊಳ್ಳೋ ಒಂದು ಸ್ಪರ್ಧಾ ಮಂಡಳಿ ಐತೆ, ನಗರಸಭೆ ತನ್ನದೇ ಕಂಪನಿಗೆ ಕಸದ ಗುತ್ತಿಗೆ ಕೊಟ್ಕೊಂಡ್ರೆ ಅದನ್ನೂ ಪ್ರಶ್ನೆ ಮಾಡೋ ಅಧಿಕಾರ ಅದಕ್ಕೈತೆ, ಆದ್ರೂ ಇಡೀ ದೇಶದ ರೈಲ್ವೆ ಅಂದ್ರೆ ಮನೆ ಯಜಮಾನನ ಮೇಲಿನ ದೂರನ್ನ ಮನೆಯೊಳಗೇ ಪಂಚಾಯ್ತಿ ಮಾಡ್ದಂಗೆ.

ನಮ್ಮ ದೇಶದಲ್ಲಿ ಹೊರಗಿನವ್ರು ಅಂತ ಯಾರೂ ಇಲ್ಲ, ಆದ್ರೂ ಸರ್ಕಾರಿ ಕಂಪನಿಗೆ ದಂಡ ಬಿದ್ದಿದ್ದುಂಟು. 2013ರ ಡಿಸೆಂಬರಲ್ಲಿ ನಮ್ಮ ಸಿಸಿಐ, ಅಂದ್ರೆ ಸ್ಪರ್ಧಾ ಆಯೋಗ, ಕೇಂದ್ರ ಸರ್ಕಾರದ ಕಲ್ಲಿದ್ದಲು ಕಂಪನಿ ಕೋಲ್ ಇಂಡಿಯಾಗೆ 1,773 ಕೋಟಿ ರೂಪಾಯಿ ದಂಡ ಹಾಕಿತ್ತು, ಕಲ್ಲಿದ್ದಲು ಒಪ್ಪಂದ ಎಲ್ಲ ಒನ್ ಸೈಡ್ ಅಂತ. ದೂರು ಕೊಟ್ಟಿದ್ದು ಯಾರು ಗೊತ್ತಾ, ಮಹಾರಾಷ್ಟ್ರ ಗುಜರಾತ್ ಸರ್ಕಾರದ ಕರೆಂಟ್ ಕಂಪನಿಗಳೇ, ಅಲ್ಲೂ ಸರ್ಕಾರ ಇಲ್ಲೂ ಸರ್ಕಾರ. ಅದು ಮೇಲ್ಮನವೀಲಿ ಬಿದ್ದೋಗಿ 2017ರಲ್ಲಿ ಮತ್ತೆ ವಿಚಾರಣೆ ಆಗಿ 591 ಕೋಟಿಗೆ ಬಂತು. ಕೋಲ್ ಇಂಡಿಯಾದವ್ರು ನಾವು ರಾಷ್ಟ್ರೀಕರಣದ ಕಾಯ್ದೇಲಿ ಬಂದವ್ರು, ಜನರ ಒಳಿತಿಗೆ ಇರೋರು, ಸ್ಪರ್ಧಾ ಕಾಯ್ದೆ ನಮಗೆ ತಾಗಲ್ಲ ಅಂತ ವಾದ ಮಾಡಿದ್ರು, 2023ರ ಜೂನಲ್ಲಿ ಸುಪ್ರೀಂ ಕೋರ್ಟು ತಾಗುತ್ತೆ ಅಂತ ಹೇಳ್ತು. ಕಾಯ್ದೇಲಿ ಸರ್ಕಾರದ ಸಾರ್ವಭೌಮ ಕೆಲಸಗಳಿಗೆ ಮಾತ್ರ ವಿನಾಯಿತಿ ಐತೆ, ಅಣುಶಕ್ತಿ, ನೋಟು, ರಕ್ಷಣೆ, ಬಾಹ್ಯಾಕಾಶ ಆ ಲೆಕ್ಕದಲ್ಲಿ ಬರುತ್ವೆ. ಕಲ್ಲಿದ್ದಲು ಮಾರೋದು ಬರಲ್ಲ.

ಹಂಗಾದ್ರೆ ಕೆಎಸ್ಆರ್‌ಟಿಸಿಗೂ ಹಾಕ್ಬೋದಾ ಅಂತ ಚಿಂತಾಮಣಿಯ ನಮ್ಮ ಭಾವ ಫೋನಲ್ಲಿ ಕೇಳಿದ್ರು. ರೂಟು ಸರ್ಕಾರಕ್ಕೆ ಮೀಸಲು ಮಾಡೋದು ಮೋಟಾರು ವಾಹನ ಕಾಯ್ದೇಲೇ ಐತೆ, ನಮ್ಮ ಕಡೆ ಸ್ಕೀಮ್ ರೂಟ್ ಅಂತಾರಲ್ಲ ಅದು, ಮೀಸಲಿಟ್ಟಿದ್ದಕ್ಕೆ ದಂಡ ಬೀಳಲ್ಲ, ಆದ್ರೆ ಸಿಕ್ಕಿದ ಏಕಸ್ವಾಮ್ಯ ಇಟ್ಕೊಂಡು ಜನಕ್ಕೆ ಅನ್ಯಾಯ ಮಾಡಿದ್ರೆ ಕೋಲ್ ಇಂಡಿಯಾ ತೀರ್ಪು ಹಿಡ್ಕೊಂಡು ದೂರು ಕೊಡೋಕೆ ದಾರಿ ಐತೆ ಅಂದೆ. ಭಾವನಿಗೆ ಭಾರೀ ಖುಷಿ. ಅವರದ್ದೇ ಒಂದು ಪ್ರೈವೇಟ್ ಬಸ್ ಐತೆ ಆ ಕಡೆ. ಬಸ್ ಓನರ್‌ಗಳೆಲ್ಲ ಕೂತು ಹಬ್ಬಕ್ಕೆ ಒಂದೇ ರೇಟ್ ಅಂತ ಫಿಕ್ಸ್ ಮಾಡ್ಕೊಂಡ್ರೆ ಅದೂ ಸ್ಪರ್ಧಾ ಕಾಯ್ದೆಯ 3ನೇ ಸೆಕ್ಷನಲ್ಲಿ ಬರುತ್ತೆ ಅಂದಿದ್ದಕ್ಕೆ, ರಾಗಿಹಿಟ್ಟು ಕಳಿಸ್ಲಾ ಅಂತ ಮಾತು ಬದಲಾಯಿಸಿದ್ರು.